ಕಾಲೇಜು ಸಂಘದಿಂದ ಹೊರಟ ‘ಪ್ರಬುದ್ಧ ಕರ್ನಾಟಕ’

‘ಪ್ರಬುದ್ಧ ಕರ್ನಾಟಕ’ ಹುಟ್ಟಿ 2019ಕ್ಕೆ ನೂರು ವರ್ಷ ತುಂಬಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಅದನ್ನು ಹೊರಡಿಸಿದವರು ಎ.ಆರ್. ಕೃಷ್ಣಶಾಸ್ತ್ರಿಗಳು. ಆ ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ಕನ್ನಡಕ್ಕೆ ಒಂದು ಮೂಲೆ. ಕನ್ನಡದ ಘನ ವಿದ್ವತ್ ಪತ್ರಿಕೆ ಎದ್ದು ಬಂದದ್ದು ಆ ಮೂಲೆಯಿಂದ.

ಅದೇ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಬೆಳ್ಳಾವೆ ವೆಂಕಟನಾರಣಪ್ಪನವರು ಹೆಚ್ಚುಕಡಿಮೆ ಅದೇ ಹೊತ್ತಿಗೆ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಜೊತೆಗೂಡಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಅದು ಎರಡು ವರ್ಷ ನಡೆದು ನಿಂತಿತು. ‘ಪ್ರಬುದ್ಧ ಕರ್ನಾಟಕ’ಕ್ಕೆ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಸರೆ ಸಿಕ್ಕಿತು, ಬದುಕಿತು. ಉತ್ಸಾಹ ಎರಡೂ ಕಡೆ ಇತ್ತು; ಬೆನ್ನಿಗೆ ಸಂಸ್ಥೆ ನಿಂತದ್ದೇ ವ್ಯತ್ಯಾಸವೆಂದು ನಮ್ಮ ಎಣಿಕೆ. ಕನ್ನಡದಲ್ಲಿ ವಿಜ್ಞಾನ ಕಲಿಸುವ ನಮ್ಮಂಥವರಿಗೆ ‘ವಿಜ್ಞಾನ’ ನಿಂತ ನೋವು ಇಂದಿಗೂ ಇದೆ.

ಆಗ ನಮ್ಮ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮರುವರ್ಷ ಇಲ್ಲಿ ಸರಕಾರಿ ಕಾಲೇಜು ತೆರೆಯಿತು. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತು ಮುಗಿಸಿ ಮುಂದೆ ಹೋದ ಹೆಚ್ಚಿನ ಮಕ್ಕಳಿಗೆ ಕನ್ನಡ ಒಂದು ವಿಷಯವಾಗಿ ಉಳಿಯುತ್ತದೆ, ಸೆಂಟ್ರಲ್ ಕಾಲೇಜಿನ ಆ ಹುಡುಗರಿಗಿದ್ದ ಹಾಗೆಯೇ.

ಅದಕ್ಕೇ ಸ್ಮರಣ ಸಂಚಿಕೆ ತರುತ್ತೇವೆಂದು ಬರುವ ಹಳೆ ವಿದ್ಯಾರ್ಥಿಗಳಲ್ಲಿ ನಾವು ಕೇಳುವುದಿಷ್ಟು: ಶುಭಾಶಯಕ್ಕೆ, ಫೋಟೋಗೆ ಎರಡು ಪುಟ ಸಾಕು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದಿದ್ದನ್ನು, ಎಂಟನೆಯ ತರಗತಿಯ ಮಕ್ಕಳಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದುಕೊಡಿ.