ಒಂದು ಮೀಟರಿನ ಹಳಿ

ಸಂತೆಮರಹಳ್ಳಿಗೆ ರೈಲು ಬಂದದ್ದಿಲ್ಲ. ನರಸೀಪುರ, ಯಳಂದೂರು, ಚಾಮರಾಜನಗರಗಳ ಹಾದಿಗಳು ಕೂಡುವ ಈ ಸಂತೆಯೂರಿನವರು ರೈಲು ಹತ್ತಬೇಕಾದರೆ ಚಾಮರಾಜನಗರಕ್ಕೆ ಹೋಗಬೇಕು. ಅಲ್ಲಿ ಬಹುಕಾಲ ಅವರನ್ನು ಎದುರುಗೊಂಡದ್ದು ಸಣ್ಣ ಹಳಿಯ ಸಣ್ಣ ಬಂಡಿ. ಆ ಬಂಡಿ ಇಂದಿಲ್ಲ. ‘ಹಳಿ ಸಣ್ಣದು, ಆದ್ದರಿಂದ ಅದು ಬಾಳಲಿಲ್ಲ’ ಎಂದು ಹಲವರು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜ?

1870ರಲ್ಲಿ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, ಖರ್ಚು ಕಡಿಮೆಯೆಂದು ಭಾರತ ಸರ್ಕಾರ ಒಂದು ಮೀಟರ್ ಅಗಲದ ಹಳಿಯನ್ನು ಒಪ್ಪಿಕೊಂಡಿತು. ಅದಾಗಲೇ ಹಾಕಿದ್ದ ದೊಡ್ಡ ಹಳಿಯ ಅಗಲ ಐದೂವರೆ ಅಡಿ. ಬೆಂಗಳೂರು-ಮೈಸೂರು ದಾರಿ ಸಣ್ಣ ಹಳಿಯ ಮೇಲೆಯೇ 1882ರಲ್ಲಿ ತೆರೆಯಿತು. 1891ರಲ್ಲಿ ನಂಜನಗೂಡಿನವರೆಗೂ, 1926ರಲ್ಲಿ ಚಾಮರಾಜನಗರದವರೆಗೂ ಅದು ಬೆಳೆಯಿತು.

ಈಗ ಜಪಾನಿನ ಕಡೆ ನೋಡೋಣ. 1872ರಲ್ಲಿ ಅಲ್ಲಿ ಮೊದಲ ರೈಲು ಓಡಿದ್ದು ಮೂರೂವರೆ ಅಡಿಯ ಹಳಿಯ ಮೇಲೆ. ನಮ್ಮ ಮೀಟರ್ ಹಳಿಗಿಂತ ಅದು ಹೆಚ್ಚು ಅಗಲವೆಂದರೆ ಮೂರು ಅಂಗುಲಕ್ಕೂ ಕಡಿಮೆ. ಅತಿವೇಗದ ಶಿಂಕಾನ್ಸೆನ್‌ಗೆ ಬೇರೆ ಅಗಲದ ಹಳಿಯುಂಟು; ಆದರೆ ನಗರದ ಜನರನ್ನು ದಿನವೂ ಕೆಲಸಕ್ಕೆ ಒಯ್ಯುವ ರೈಲುಗಳು ಬಹುಪಾಲು ಆ ಹಳೆಯ ಸಣ್ಣ ಹಳಿಯಲ್ಲೇ ಓಡುತ್ತವೆ. 1963ರಲ್ಲಿ ಬಂದ ‘103’ ಎಂಬ ಮಾದರಿಯನ್ನೇ ತೆಗೆದುಕೊಳ್ಳಿ. ಇದಕ್ಕೆ ಪ್ರತ್ಯೇಕ ಎಂಜಿನಿಲ್ಲ. ಮೋಟಾರುಗಳು ಗಾಡಿಗಳ ಅಡಿಯಲ್ಲೇ ಅಡಗಿರುತ್ತವೆ. ನಿಲ್ದಾಣಗಳು ಹತ್ತಿರ ಹತ್ತಿರವಿದ್ದಾಗ ಬೇಗ ಹೊರಟು ಬೇಗ ನಿಲ್ಲಲು ಇದು ಅನುಕೂಲ. ಇಪ್ಪತ್ತು ವರ್ಷಗಳಲ್ಲಿ ಈ ಮಾದರಿಯ 3,400ಕ್ಕೂ ಹೆಚ್ಚು ಗಾಡಿಗಳು ತಯಾರಾದವು. ಟೋಕಿಯೊ ನಗರವನ್ನು ಸುತ್ತುವ ಯಾಮಾನೊತೆ ದಾರಿಯಲ್ಲಿ ಅವು 1988ರವರೆಗೆ ದುಡಿದವು. ಹಾಗಾದರೆ ಸಣ್ಣತನವೇ ದೋಷವಾಗಿರಲಾರದಷ್ಟೆ.

ಅಷ್ಟು ದೂರವೇಕೆ? ನಮ್ಮ ನೆರೆಯ ಮದರಾಸಿನಲ್ಲಿ, ಬೀಚ್ ನಿಲ್ದಾಣದಿಂದ ತಾಂಬರಮ್‌ವರೆಗೆ, ಇದೇ ಮೀಟರ್ ಹಳಿಯ ಮೇಲೆ 1931ರಲ್ಲಿ ವಿದ್ಯುತ್ ರೈಲು ಓಡಿತು. 1960ರ ದಶಕದಲ್ಲಿ ಜಪಾನಿನಲ್ಲಿ ತಯಾರಾದ ವಿದ್ಯುತ್ ಎಂಜಿನುಗಳೂ ಆ ಹಳಿಗೆ ಬಂದವು. ಎಪ್ಪತ್ತಮೂರು ವರ್ಷ ಸೇವೆ ಸಲ್ಲಿಸಿ, 2004ರಲ್ಲಿ ಆ ಸಣ್ಣ ಹಳಿಯ ವಿದ್ಯುತ್ ರೈಲು ನಿಂತಿತು. ವಿದ್ಯುತ್ತಿಗಾಗಲಿ ಪ್ರಯಾಣಿಕರಿಗಾಗಲಿ ಅಲ್ಲಿ ಕೊರತೆಯಿರಲಿಲ್ಲ. ಮತ್ತೇಕೆ ನಿಂತಿತು?

ಉತ್ತರ ಬೆಂಗಳೂರಿನಲ್ಲಿದೆ. ಮದರಾಸಿನ ದೊಡ್ಡ ಹಳಿ 1864ರಲ್ಲೇ ಬೆಂಗಳೂರು ದಂಡುಪ್ರದೇಶಕ್ಕೆ ಬಂದಿತ್ತು. ಮೈಸೂರಿನ ಸಣ್ಣ ಹಳಿ ಅದನ್ನು ಸಂಧಿಸಿದಾಗ ಎರಡೂ ಒಂದಾಗಲಿಲ್ಲ. ಒಂದರ ಬಂಡಿ ಇನ್ನೊಂದರ ಮೇಲೆ ಹೋಗದು. ಸರಕನ್ನು ಇಳಿಸಿ ಮತ್ತೆ ಏರಿಸಬೇಕು, ಮನುಷ್ಯರೂ ಇಳಿದು ಹತ್ತಬೇಕು. ಜಪಾನಿನಲ್ಲಿ ಹಳಿ ಸಣ್ಣದಾದರೂ ಬಹುಮಟ್ಟಿಗೆ ದೇಶದುದ್ದಕ್ಕೂ ಒಂದೇ ಅಳತೆಯದು. ನಮ್ಮಲ್ಲಿ ಅಳತೆ ಎರಡಾದದ್ದೇ ಕಷ್ಟ. 1990ರ ದಶಕದಲ್ಲಿ ದೇಶಕ್ಕೆಲ್ಲ ಒಂದೇ ಹಳಿಯಿರಲಿ ಎಂಬ ಯೋಜನೆ ಹೊರಟಿತು. ಬೆಂಗಳೂರು-ಮೈಸೂರು ದಾರಿಯೂ ದೊಡ್ಡದಾಯಿತು. ಆಗ ಬೆಂಗಳೂರಿನ ಸಂಕಟ ಮೈಸೂರಿಗೆ ವರ್ಗವಾಯಿತು. ಚಾಮರಾಜನಗರದಿಂದ ಬೆಂಗಳೂರಿಗೆ ಹೊರಟವನು ಗಂಟುಮೂಟೆಗಳೊಡನೆ ಮೈಸೂರಿನಲ್ಲಿ ಇಳಿದು, ಬೇರೆ ರೈಲು ಹತ್ತಬೇಕಾಯಿತು. ಮುಂದೆ ಚಾಮರಾಜನಗರದ ಹಳಿಯನ್ನೂ ಅಗಲಿಸುವಾಗ ಸಣ್ಣ ಬಂಡಿಯೇ ನಿಂತು, ಜನ ಬಸ್ಸನ್ನೇ ನಂಬಿಕೊಂಡರು. 2008ರಲ್ಲಿ ದೊಡ್ಡ ಹಳಿಯ ರೈಲು ಬಂದಿತು.

ಬದಲಾವಣೆ ಒಳ್ಳೆಯದೇ. ಆದರೆ ಅದರ ಬೆಲೆ ತೆತ್ತವರು, 1870ರಲ್ಲಿ ಉಳಿಸಿದ ಹಣದ ಮಾತನ್ನೇ ಕೇಳಿರದ ಜನ. ಅಂದಿನ ಉಳಿತಾಯದ ಸಾಲವನ್ನು ಮೊಮ್ಮಕ್ಕಳು ತೀರಿಸಿದಂತಾಯಿತು.

ನಂಜನಗೂಡಿನ ಕಪಿಲೆಯ ಮೇಲೆ, 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆಯುಂಟು. ರೈಲನ್ನೇ ಕಾಣದ ಕಾಲದ ಆ ಕಮಾನುಗಳು ಸಣ್ಣ ಬಂಡಿಯನ್ನು ಎಷ್ಟೋ ದಶಕ ಹೊತ್ತವು. ದೊಡ್ಡ ಹಳಿ ಬೇರೆ ಸೇತುವೆಯನ್ನು ಕಟ್ಟಿಸಿಕೊಂಡಿತು. ಹಳೆಯ ಸೇತುವೆಯ ಬಳಿ ನಿಂತು ನೋಡಿದವರಿಗೆ ಒಂದು ಮಾತು ಹೊಳೆಯದಿರದು: ಕಮಾನು ಸೋಲಲಿಲ್ಲ, ಬಂಡಿಯೂ ಸೋಲಲಿಲ್ಲ, ಅಳತೆ ಒಂದಾಗದೆ ಹೋಯಿತು, ಅಷ್ಟೆ.