ಪದ ಪರಿಚಯ: ವೀರ

ವೀರ

ಸುದ್ದಿಗಳಲ್ಲಿ ವೀರಚಕ್ರ, ಶೌರ್ಯಚಕ್ರ ಎರಡನ್ನೂ ಒಂದೇ ಎಂಬಂತೆ ಬಳಸುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಇದು ತಪ್ಪು. ಶತ್ರುಸೈನ್ಯದ ಎದುರಿನ ಸಾಹಸಕ್ಕೆ ಪರಮವೀರ, ಮಹಾವೀರ, ವೀರಚಕ್ರಗಳು. ಉಳಿದ ಸಂದರ್ಭಗಳ ಸಾಹಸಕ್ಕೆ ಅಶೋಕ, ಕೀರ್ತಿ, ಶೌರ್ಯಚಕ್ರಗಳು.

ಋಗ್ವೇದದಲ್ಲಿ 'ವೀರ' ಎಂದರೆ ಗಂಡಸು, ಮಗ, ಶೂರ. ಲ್ಯಾಟಿನ್ನಿನ 'ವಿರ್', ಲಿಥುವೇನಿಯನ್ನಿನ 'ವೀರಸ್' ಇದರ ಒಡಹುಟ್ಟುಗಳು. ಅವೆರಡಕ್ಕೂ ಗಂಡಸು ಎಂದೇ ಅರ್ಥ. ಸದ್ಗುಣವೆಂಬ ಅರ್ಥದ ಇಂಗ್ಲಿಷಿನ 'ವರ್ಚ್ಯೂ' ಕೂಡ ಆ 'ವಿರ್'ನಿಂದಲೇ ಬಂದದ್ದು. ಪಂಜಾಬಿಯಲ್ಲಿ ಅಣ್ಣತಮ್ಮಂದಿರನ್ನು 'ವೀರ್' ಎಂದು ಕರೆಯುತ್ತಾರೆ, ಎಷ್ಟು ಆಪ್ತವಾದ ಬಳಕೆ! ಗಂಡಸಿನಿಂದ ಶೂರನತ್ತ ಸಾಗುವ ಇದೇ ದಾರಿ ನಮ್ಮ 'ಗಂಡ'ನದೂ. ವಿಜಯನಗರದ ಅರಸರ 'ಮೂರುರಾಯರ ಗಂಡ' ಬಿರುದಿನಲ್ಲಿರುವವನು ಪತಿಯಲ್ಲ, ಶೂರ.

ಕನ್ನಡಿಗರಿಗೆ ವೀರನೆಂದರೆ ಅರಸನೇ ಆಗಬೇಕಿರಲಿಲ್ಲ. ತುರುಗಳನ್ನು ಕಾಯುತ್ತ ಸತ್ತ ಸಾಮಾನ್ಯನಿಗೂ ಊರು ವೀರಗಲ್ಲು ನಿಲ್ಲಿಸಿತು. ನನ್ನ ಮಟ್ಟಿಗೆ ಈ ಪದದ ಅತ್ಯಂತ ಘನವಾದ ಕನ್ನಡ ರೂಪ ಅದೇ. ಮಾತಿನ ವೀರ, ಪ್ರಚಾರವೀರ ಎಂಬ ಅಗ್ಗದ ಬಳಕೆ ಆ ಕಲ್ಲುಗಳ ಮುಂದೆ ನೋಯಿಸುತ್ತದೆ.

ಕಲ್ಲಿನ ಜಾಗಕ್ಕೆ ಈಗ ಪದಕ ಬಂದಿದೆ. ಕೊಡಗಿನ ಅಜ್ಜಮಾಡ ದೇವಯ್ಯ 1965ರ ಯುದ್ಧದಲ್ಲಿ ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ವೇಗದ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿದರು, ಮರಳಿ ಬರಲಿಲ್ಲ. ಅವರಿಗೆ ಮರಣೋತ್ತರ ಮಹಾವೀರಚಕ್ರ ಸಂದದ್ದು 1988ರಲ್ಲಿ.