ಧಾರವಾಡಕ್ಕೆ ಓದಲು ಬಂದವರು ಉಂಡದ್ದೆಲ್ಲಿ?

ಡಿಗ್ರಿಗೆ ಸೀಟು ಸಿಕ್ಕಿತೆಂದರೆ ನಮ್ಮ ಹಳ್ಳಿ ಮನೆಗಳಲ್ಲಿ ಮೊದಲ ದಿನ ಖುಷಿ, ಮರುದಿನವೇ ಚಿಂತೆ. ಫೀ ಎಷ್ಟೆಂದು ಕಾಲೇಜಿನವರು ಹೇಳುತ್ತಾರೆ. ಊಟದ ಲೆಕ್ಕ ಯಾರೂ ಹೇಳುವುದಿಲ್ಲ. ಧಾರವಾಡದ ಬಸ್ ನಿಲ್ದಾಣದಲ್ಲಿ ಮಗಳ ಟ್ರಂಕು ಹಿಡಿದು ನಿಂತಿದ್ದ ರೈತರೊಬ್ಬರು ನಮ್ಮನ್ನು ಕೇಳಿದ್ದೂ ಅದನ್ನೇ: "ಓದೂದು ಆಕಿ ನೋಡ್ಕೋತಾಳ್ರೀ. ಊಟದ್ದ ಏನ್ ಮಾಡೂದು?"

ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಅದಕ್ಕೆ ಈ ಊರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೂ ಮುಂಚೆ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ಹುಡುಗರು ಡಿಗ್ರಿ ಓದಲು ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಕಾಲೇಜೇನೋ ಹತ್ತಿರ ಬಂತು. ಆದರೆ ಕೈಯಲ್ಲಿ ಕಾಸಿಲ್ಲದವನಿಗೆ ಎರಡು ಹೊತ್ತಿನ ಅನ್ನ ದೂರವೇ ಉಳಿಯಿತು.

ಆಗ ಬಡ ಬ್ರಾಹ್ಮಣ ಹುಡುಗರಿಗೆ ಇದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಹಸಿವು. ಉಂಡ ಮನೆಗೆ ನೀರು ಸೇದಿಕೊಟ್ಟವರುಂಟು, ಮಕ್ಕಳಿಗೆ ಪಾಠ ಹೇಳಿಕೊಟ್ಟವರುಂಟು. ಹಾಗೆ ಓದಿ ದೊಡ್ಡವರಾದವರು ಆ ತಾಯಂದಿರನ್ನು ಕೊನೆವರೆಗೂ ನೆನೆದರು. ಆದರೆ ಆ ಅನ್ನದ ಜೊತೆ ಹಂಗೂ ಇತ್ತು, ಜಾತಿಯೂ ಇತ್ತು.

ಮಿಕ್ಕವರ ಮಕ್ಕಳಿಗೆ ಬಾಗಿಲು ತೆರೆದದ್ದು ಮಠಗಳು ಮತ್ತು ಸಮುದಾಯದ ಬೋರ್ಡಿಂಗ್‌ಗಳು. ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದಲೇ ಒಂದೊಂದೇ ಸಮುದಾಯಕ್ಕೆ ಬೋರ್ಡಿಂಗ್ ಕಟ್ಟಿಸುತ್ತ ಬಂದಿದ್ದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದರು. ಭಕ್ತರು ಕೊಟ್ಟ ಜೋಳ, ಬೇಳೆಯಿಂದ ಅಲ್ಲಿ ಒಲೆ ಉರಿಯಿತು. ಒಕ್ಕಲುತನದ ಮನೆಗಳ ಎಷ್ಟೋ ಹುಡುಗರು ಅಲ್ಲಿ ಉಂಡು ಓದಿ ಮಾಸ್ತರರಾದರು, ವಕೀಲರಾದರು.

ಇಷ್ಟಾದರೂ ಒಂದು ಸಾಲಿನ ಮಕ್ಕಳು ಹೊರಗೇ ಉಳಿದಿದ್ದರು. ದಲಿತ ಹುಡುಗನಿಗೆ ಯಾರ ಮನೆಯಲ್ಲಿ ವಾರಾನ್ನ? ಯಾವ ಖಾನಾವಳಿಯಲ್ಲಿ ತಾಟು? ದುಡ್ಡಿದ್ದರೂ ಬಾಡಿಗೆಗೆ ಖೋಲಿ ಸಿಗುತ್ತಿರಲಿಲ್ಲ. ಅಂಬೇಡ್ಕರರು ಇದನ್ನು ಬಲ್ಲವರು. ಶಾಲೆ ತೆರೆದರೆ ಸಾಲದು, ಉಣ್ಣಲು, ಮಲಗಲು ಜಾಗ ಬೇಕು ಎಂದು 1925ರಲ್ಲಿ ಸೊಲ್ಲಾಪುರದಲ್ಲಿ ಹಾಸ್ಟೆಲ್ ಶುರು ಮಾಡಿಸಿದರು. ಆ ದಶಕದ ಕೊನೆಯಲ್ಲಿ ಮುಂಬೈ ಸರ್ಕಾರದ ನೆರವಿನಿಂದ ಅವರ ಸಂಸ್ಥೆ ನಡೆಸಿದ ಹಾಸ್ಟೆಲ್‌ಗಳಲ್ಲಿ ಒಂದು ನಮ್ಮ ಧಾರವಾಡದಲ್ಲೇ ಇತ್ತು. ಈ ಊರಿನ ಚರಿತ್ರೆ ಹೇಳುವಾಗ ಕವಿಗಳನ್ನೂ ಗಾಯಕರನ್ನೂ ನೆನೆಯುತ್ತೇವೆ, ಆ ಹಾಸ್ಟೆಲ್ಲಿನ ಅಡುಗೆಮನೆಯನ್ನು ಮರೆಯುತ್ತೇವೆ.

ಮುಂದೆ ದೇವರಾಜ ಅರಸರ ಕಾಲದಲ್ಲಿ ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಬಂತು. ನಾವು ಇವತ್ತಿಗೂ 'ಬಿಸಿಎಂ ಹಾಸ್ಟೆಲ್' ಎನ್ನುವುದು ಆ ಇಲಾಖೆಯ ಹೆಸರಿನಿಂದಲೇ. ಅಲ್ಲಿಂದ ಊಟ ಯಾರದೋ ದಯೆಯಾಗಿ ಉಳಿಯಲಿಲ್ಲ, ಅರ್ಜಿ ಹಾಕಿ ಕೇಳುವ ಹಕ್ಕಾಯಿತು.

ಇದೆಲ್ಲದರ ನಡುವೆ ಹಳ್ಳಿಯವರೇ ಮಾಡಿಕೊಂಡ ಒಂದು ವ್ಯವಸ್ಥೆಯೂ ಇದೆ: ಬುತ್ತಿ. ಅವ್ವ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ ಹಾಕಿ, ಡಬ್ಬಿಯ ಮೇಲೆ ಹೆಸರು ಬರೆದು ಮೊದಲ ಬಸ್ಸಿಗೆ ಇಡುತ್ತಾಳೆ. ನಿಲ್ದಾಣದಲ್ಲಿ ಮಗ ಕಾಯುತ್ತಿರುತ್ತಾನೆ. ಖಾಲಿ ಡಬ್ಬಿ ತಿರುಗಿ ಊರಿಗೆ ಹೋಗುತ್ತದೆ. ನಮ್ಮಲ್ಲೂ ಕೆಲವರು ಡಿಪ್ಲೊಮಾ ಮುಗಿಸಿದ್ದು ಆ ಡಬ್ಬಿಯ ಮೇಲೆಯೇ. ಬಸ್ ತಪ್ಪಿದ ದಿನ ಚುರುಮುರಿ ತಿಂದು ಪರೀಕ್ಷೆ ಬರೆದದ್ದೂ ನೆನಪಿದೆ.

ಹಾಗಾದರೆ ಈಗ ಯಾವುದನ್ನು ಆರಿಸಬೇಕು? ನಮಗೆ ತೋಚಿದ್ದು ಇಷ್ಟು.

ಸರ್ಕಾರಿ ಹಾಸ್ಟೆಲ್ಲಿಗೆ ಅರ್ಹತೆ ಇದ್ದರೆ ಮೊದಲು ಅದಕ್ಕೇ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆ ದಿನಾಂಕ ಕಾಯುವುದಿಲ್ಲ. ಹಿಂದುಳಿದ ವರ್ಗದವರಿಗೆ ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ. ಅದರಲ್ಲಿ ಊಟ, ವಸತಿಗೆಂದು ಶುರುವಿನಲ್ಲಿ ನಿಗದಿಯಾಗಿದ್ದದ್ದು ತಿಂಗಳಿಗೆ 1,500 ರೂಪಾಯಿ, ವರ್ಷದಲ್ಲಿ 10 ತಿಂಗಳು. ಅಂದರೆ ದಿನಕ್ಕೆ 50 ರೂಪಾಯಿ. ಅಷ್ಟರಲ್ಲೇ ಎಲ್ಲ ಆಗದು, ಉಳಿದದ್ದನ್ನು ಈಗಲೇ ಲೆಕ್ಕ ಹಾಕಿ.

ಖಾನಾವಳಿ ಅಥವಾ ಪಿಜಿ ಆದರೆ ದುಡ್ಡು ಕಟ್ಟುವ ಮುಂಚೆ ಒಂದು ಹೊತ್ತು ನೀವೇ ಕೂತು ಉಣ್ಣಿ. ಭಾನುವಾರ ರಾತ್ರಿ ಊಟ ಇದೆಯೇ, ಊರಿಗೆ ಬಂದ ದಿನದ ದುಡ್ಡು ಕಡಿತವಾಗುತ್ತದೆಯೇ, ಬೆಳಿಗ್ಗೆ ಕ್ಲಾಸಿಗೆ ಮುಂಚೆ ನಾಷ್ಟಾ ಆಗುತ್ತದೆಯೇ ಕೇಳಿ. ಮೊದಲ ತಿಂಗಳು ತಿಂಗಳ ಲೆಕ್ಕದಲ್ಲೇ ಕೊಡಿ, ವರ್ಷದ್ದನ್ನು ಒಮ್ಮೆಲೇ ಬೇಡ. ಬುತ್ತಿ ಕಳಿಸುವುದಾದರೆ ಬಸ್ ತಪ್ಪಿದ ದಿನಕ್ಕೆ ನೂರು ರೂಪಾಯಿ ಮಗುವಿನ ಕೈಯಲ್ಲಿರಲಿ.

ಇನ್ನೊಂದು ಮಾತು. ಫೋನ್ ಮಾಡಿದಾಗ "ಅಭ್ಯಾಸ ಹ್ಯಾಂಗ ನಡದದ?" ಎನ್ನುವ ಮುಂಚೆ "ಏನ್ ಉಂಡಿ?" ಎಂದು ಕೇಳಿ. ದುಡ್ಡು ಉಳಿಸಲು ರಾತ್ರಿ ಊಟ ಬಿಡುವ ಮಕ್ಕಳು ಅದನ್ನು ತಾವಾಗಿ ಹೇಳುವುದಿಲ್ಲ.

ಬಸ್ ನಿಲ್ದಾಣದ ಆ ರೈತರಿಗೂ ನಾವು ಇದನ್ನೇ ಹೇಳಿದೆವು. ಮಗಳಿಗೆ ಹಾಸ್ಟೆಲ್ಲಿನ ಅರ್ಜಿ ಹಾಕಿರಲಿಲ್ಲ. "ಪುಕ್ಕಟೆ ಊಟ, ಮಂದಿ ಏನಂತಾರ?" ಎಂದು ಸಂಕೋಚಪಟ್ಟರಂತೆ. ಆ ಊಟಕ್ಕಾಗಿ ಈ ಊರಿನಲ್ಲಿ ಯಾರು ಯಾರು ಎಷ್ಟು ದುಡಿದಿದ್ದಾರೆ ಎಂದು ಹೇಳಿದೆವು. ಅಪ್ಪ, ಮಗಳು ಇಬ್ಬರೂ ಟ್ರಂಕು ಎತ್ತಿಕೊಂಡು ಇಲಾಖೆಯ ಕಚೇರಿ ದಾರಿ ಕೇಳಿದರು.